ಇಬಿ-5: ದುಡ್ಡು ಹೊಂದಿಸಿದರೂ ಕಾಗದ ಹೊಂದಬೇಕಲ್ಲ!

ಇಬಿ-5 ಎಂದರೆ ದುಡ್ಡು ಹೂಡಿದವರಿಗೆ ಅಮೆರಿಕ ಕೊಡುವ ವೀಸಾ: ಎಂಟು ಲಕ್ಷ ಡಾಲರ್ ಹೂಡಿಕೆ, ಅದರಿಂದ ಹತ್ತು ಉದ್ಯೋಗ, ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಇದೆಲ್ಲ ಬ್ರೋಷರಿನಲ್ಲೇ ಇದೆ. ಎಚ್‌-1ಬಿ ಕೆಲಸದ ವೀಸಾದಲ್ಲಿ ಅಮೆರಿಕದಲ್ಲಿರುವವರಿಗೆ ಸಿಗುವ ಸುಖ ಬೇರೆಯೇ: 2022ರ ಕಾಯ್ದೆಯ ನಂತರ, ಗ್ರಾಮೀಣ ಯೋಜನೆಯಲ್ಲಿ ಹೂಡುವವರಿಗೆ ಮೀಸಲಿಟ್ಟ ವೀಸಾಗೆ ಕ್ಯೂ ಇಲ್ಲದಿದ್ದರೆ ಐ-526ಇ (ಹೂಡಿಕೆದಾರರ ಅರ್ಜಿ) ಜೊತೆಗೇ ಐ-485 (ಗ್ರೀನ್ ಕಾರ್ಡ್ ಅರ್ಜಿ) ಹಾಕಬಹುದು. ವರ್ಕ್ ಪರ್ಮಿಟ್ ಕೈಗೆ ಬಂದರೆ, ಕೆಲಸ ಹೋದಾಗ ಎಚ್‌-1ಬಿಯವರಿಗೆ ಸಿಗುವ ಅರವತ್ತು ದಿನ ಎಣಿಸುತ್ತ ಕೂರುವ ಪಾಡಿಲ್ಲ.

ಖುಷಿ ಅಲ್ಲಿಗೇ ನಿಲ್ಲುತ್ತದೆ. ದುಡ್ಡಿನ ಮೂಲ ತೋರಿಸಲು ಕೂತಾಗ ಗೊತ್ತಾಗುತ್ತದೆ.

ಅಪ್ಪ-ಅಮ್ಮ ಬೆಂಗಳೂರಿನ ಸೈಟ್ ಮಾರಿ ಕೊಡುತ್ತಾರೆ ಎನ್ನೋಣ. ಕ್ರಯಪತ್ರ, ಇಸಿ (ಋಣಭಾರ ಪತ್ರ), ಖಾತಾ ಸಾಲದು. ಆ ಸೈಟನ್ನು ಅಂದು ಯಾವ ದುಡ್ಡಿನಲ್ಲಿ ಕೊಂಡಿರಿ ಎಂಬುದಕ್ಕೂ ದಾಖಲೆ ಬೇಕು. ಪತ್ರದಲ್ಲಿ ಬರೆದ ಮೊತ್ತದಿಂದ ಟಿಡಿಎಸ್ ಕಳೆದರೆ ಬ್ಯಾಂಕಿಗೆ ಬಂದ ಮೊತ್ತ ತಾಳೆಯಾಗಬೇಕು. ಗೈಡೆನ್ಸ್ ವ್ಯಾಲ್ಯೂಗೆ ರಿಜಿಸ್ಟರ್ ಮಾಡಿಸಿ ಮಿಕ್ಕಿದ್ದನ್ನು ಕ್ಯಾಶ್ ತಗೊಂಡಿದ್ದರೆ ಆ ಕ್ಯಾಶನ್ನು ಮರೆತುಬಿಡಿ. ಪಹಣಿಯಂಥ ಕನ್ನಡ ದಾಖಲೆಗೆ ಪೂರ್ತಿ ಇಂಗ್ಲಿಷ್ ಅನುವಾದ, ಅನುವಾದಕರ ಸಹಿಯ ದೃಢೀಕರಣ ಬೇಕು. ಇನ್ನು ನಮ್ಮ ಇನಿಷಿಯಲ್ಲುಗಳು! ಪತ್ರದಲ್ಲಿ ‘ಕೆ.ಎನ್.’, ಪ್ಯಾನ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು. ಮೂವರೂ ಒಬ್ಬರೇ ಎಂದು ಅಫಿಡವಿಟ್ ಮೊದಲೇ ಮಾಡಿಸಿಡಿ.

ಕಳಿಸುವುದಕ್ಕೂ ಲೆಕ್ಕವಿದೆ. ವಿದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್‌ ಯೋಜನೆಯಲ್ಲಿ ಒಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ. ಹಾಗಾಗಿ ಅಪ್ಪ-ಅಮ್ಮ ಇಬ್ಬರೂ ಸೇರಿ ಮಾರ್ಚ್‌ನಲ್ಲಿ ಐದು ಲಕ್ಷ, ಏಪ್ರಿಲ್‌ನಲ್ಲಿ ಉಳಿದ ಮೂರು ಲಕ್ಷ. ಹತ್ತು ಲಕ್ಷ ರೂಪಾಯಿ ದಾಟಿದ್ದಕ್ಕೆ ಬ್ಯಾಂಕು 20% ಟಿಸಿಎಸ್ (ಮುಂಗಡ ತೆರಿಗೆ) ಹಿಡಿಯುತ್ತದೆ. ರಿಟರ್ನ್ಸ್‌ನಲ್ಲಿ ವಾಪಸ್ ಬರುತ್ತದೆ ನಿಜ, ಆದರೆ ಅಲ್ಲಿಯವರೆಗೆ ಅಷ್ಟು ದುಡ್ಡು ಕೈಯಲ್ಲಿರಬೇಕು. ಹೂಡಿಕೆ ಯೋಜನೆ ನಡೆಸುವ ರೀಜನಲ್ ಸೆಂಟರಿನ ಫೀಗೂ ಇದೇ ಮೂಲದ ಪುರಾವೆ. ಇದನ್ನು ಏಜೆಂಟರು ಕೊನೆಗೆ ಹೇಳುತ್ತಾರೆ.

ಸಂಬಳ ಉಳಿಸಿದವರಿಗೆ, ಕಂಪನಿ ಷೇರು ಮಾರಿದವರಿಗೆ ಐದಕ್ಕೆ ನಾಲ್ಕು ಸ್ಟಾರ್: ಡಬ್ಲ್ಯೂ-2 (ಅಮೆರಿಕದ ಸಂಬಳ-ತೆರಿಗೆ ಪತ್ರ), ಬ್ರೋಕರೇಜ್ ಸ್ಟೇಟ್‌ಮೆಂಟ್ ಇದ್ದರೆ ಮುಕ್ಕಾಲು ಕೆಲಸ ಮುಗಿಯಿತು. ಊರಿನ ಆಸ್ತಿ ನೆಚ್ಚಿದವರಿಗೆ ಎರಡೂವರೆ. ಏಳು ವರ್ಷದ ತೆರಿಗೆ ರಿಟರ್ನ್ಸ್ ಇಬ್ಬರಿಗೂ ತಪ್ಪಿದ್ದಲ್ಲ.

ಅರ್ಜಿ ಹಾಕುವುದಾದರೆ 2026ರ ಸೆಪ್ಟೆಂಬರ್ 30ರೊಳಗೆ ಹಾಕಿ. ಮುಂದೆ ಯೋಜನೆಯೇ ನಿಂತರೂ ಅಲ್ಲಿಯವರೆಗಿನ ಅರ್ಜಿಗಳಿಗೆ ಕಾಯ್ದೆಯ ರಕ್ಷಣೆ ಇದೆ.