ಮೊಘಲರ ತೋಟ ಜನರ ಉದ್ಯಾನವಾದ ಬಗೆ: ದೆಹಲಿಯ ಸುಂದರ್ ನರ್ಸರಿ

ದೆಹಲಿಗೆ ಬರುವ ನಮ್ಮವರಲ್ಲಿ ಬಹುಮಂದಿ ಹುಮಾಯೂನನ ಸಮಾಧಿಯನ್ನು ನೋಡಿ, ಸಮಯವಿದ್ದರೆ ನಿಜಾಮುದ್ದೀನ್ ದರ್ಗಾಕ್ಕೂ ಹೋಗಿ, ಅಲ್ಲಿಂದ ನೇರವಾಗಿ ಕುತುಬ್ ಮಿನಾರಿನ ಕಡೆಗೆ ಹೊರಟುಬಿಡುತ್ತಾರೆ. ಸಮಾಧಿಯ ಪಕ್ಕದಲ್ಲೇ ಸುಮಾರು 90 ಎಕರೆಗಳಲ್ಲಿ ಹರಡಿಕೊಂಡಿರುವ ಸುಂದರ್ ನರ್ಸರಿ ಹೆಚ್ಚಿನವರ ಪಟ್ಟಿಯಲ್ಲಿ ಇರುವುದೇ ಇಲ್ಲ. ಹಳೆಯ ರಾಜವೈಭವದ ಜಾಗವೊಂದನ್ನು ಸಾರ್ವಜನಿಕ ಉದ್ಯಾನವನ್ನಾಗಿ ಹೇಗೆ ಮಾಡಬೇಕು ಎಂಬುದಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ.

ಮೊಘಲರ ಕಾಲದಲ್ಲಿ ಇದು ಅಜೀಂ ಬಾಗ್ ಎಂಬ ತೋಟವಾಗಿತ್ತು. ಅದರೊಳಗೂ ಸುತ್ತಮುತ್ತಲೂ 16ನೇ ಶತಮಾನದಿಂದೀಚೆಗೆ ಸಮಾಧಿಗಳು, ಮಂಟಪಗಳು ಒಂದೊಂದಾಗಿ ಎದ್ದವು. 1911ರಲ್ಲಿ ಬ್ರಿಟಿಷರು ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ವರ್ಗಾಯಿಸುವುದಾಗಿ ಘೋಷಿಸಿದ ಬಳಿಕ ಹೊಸ ನಗರದ ಸಾಲುಮರಗಳಿಗೆ ಸಸಿಗಳು ಬೇಕಾದವು. ಅವುಗಳನ್ನು ಬೆಳೆಸಲು ಈ ನೆಲವನ್ನೇ ಆರಿಸಿಕೊಂಡರು. ಬೇರೆ ಬೇರೆ ಕಡೆಗಳಿಂದ ತಂದ ಮರಗಳು ದೆಹಲಿಯ ಬಿಸಿಲು ಚಳಿಗಳನ್ನು ತಾಳಿಕೊಳ್ಳುತ್ತವೆಯೇ ಎಂಬ ಪರೀಕ್ಷೆಯೂ ಇಲ್ಲಿಯೇ ನಡೆಯಿತು. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್ ಮುಂದೆ ಸರ್ಕಾರಿ ಸಸ್ಯತೋಟವಾಗಿ ಹೊರನಾಡಿನ ಗಿಡಮರಗಳಿಗೆ ಮನೆಯಾದದ್ದನ್ನು ಬಲ್ಲ ನಮಗೆ ಈ ಕಥೆ ಅಪರಿಚಿತವಲ್ಲ. ಆದರೆ ಲಾಲ್‌ಬಾಗ್ ಜನರಿಗೆ ತೆರೆದುಕೊಂಡು ತಲೆಮಾರುಗಳೇ ಕಳೆದರೂ ಸುಂದರ್ ನರ್ಸರಿ ಮಾತ್ರ ಇತ್ತೀಚಿನವರೆಗೆ ಕೇಂದ್ರ ಲೋಕೋಪಯೋಗಿ ಇಲಾಖೆಯ ಸಸ್ಯಪಾಲನಾ ಕ್ಷೇತ್ರವಾಗಿಯೇ ಉಳಿದಿತ್ತು. ಸ್ಮಾರಕಗಳು ಪೊದೆಗಳ ನಡುವೆ ಶಿಥಿಲವಾಗುತ್ತಿದ್ದವು. ಕಟ್ಟಡದ ಅವಶೇಷಗಳ ರಾಶಿ ಬಿದ್ದಿತ್ತು. 2007ರಲ್ಲಿ ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟ್, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಲೋಕೋಪಯೋಗಿ ಇಲಾಖೆ ಮತ್ತು ನಗರಪಾಲಿಕೆ ಒಪ್ಪಂದ ಮಾಡಿಕೊಂಡವು. ಒಂದು ದಶಕದ ಕೆಲಸದ ನಂತರ 2018ರ ಫೆಬ್ರವರಿಯಲ್ಲಿ ಉದ್ಯಾನದ ಬಾಗಿಲು ತೆರೆಯಿತು.

ಒಳಗೆ ಕಾಲಿಡುತ್ತಲೇ ಕಣ್ಣು ಸೆಳೆಯುವುದು ನೇರವಾಗಿ ಸಾಗುವ ನಡುದಾರಿ ಮತ್ತು ಅದರ ಉದ್ದಕ್ಕೂ ಹರಿಯುವ ನೀರಿನ ಕಾಲುವೆ. ಭೂದೃಶ್ಯ ವಾಸ್ತುಶಿಲ್ಪಿ ಮೊಹಮ್ಮದ್ ಶಹೀರ್ ಅವರು ಇದನ್ನು ರೂಪಿಸಿದರು. ಉದ್ಯಾನ ತೆರೆಯುವ ಮುನ್ನವೇ, 2015ರಲ್ಲಿ, ಅವರು ತೀರಿಕೊಂಡರು ಎಂಬುದನ್ನು ನೆನೆದರೆ ನೋವಾಗುತ್ತದೆ. ಅಮೃತಶಿಲೆಯ ಕಾರಂಜಿಗಳು, ಕಮಲದ ಕೊಳಗಳು, ರತ್ನಗಂಬಳಿಯ ಚಿತ್ತಾರವನ್ನು ನೆನಪಿಸುವ ಹೂಪಾತಿಗಳು ಎಲ್ಲವೂ ಮೊಘಲ್ ತೋಟದ ಪರಂಪರೆಗೆ ಸೇರಿದವು. ಆದರೂ ಇದು ಹಳೆಯ ತೋಟದ ನಕಲಲ್ಲ. ಹಳೆಯದೆಂದು ತೋರಿಸಿಕೊಳ್ಳುವ ಹುಸಿ ಪ್ರಯತ್ನ ಎಲ್ಲಿಯೂ ಇಲ್ಲ. 16ನೇ ಶತಮಾನದ ಗುಮ್ಮಟ, ನೂರು ವರ್ಷದ ಹಿಂದಿನ ಸಸ್ಯಪಾಲನೆಯಿಂದ ಉಳಿದ ಮರಗಳು, ನಿನ್ನೆ ಮೊನ್ನೆ ಕಟ್ಟಿದ ಬಯಲು ರಂಗಮಂದಿರ ಇವುಗಳಲ್ಲಿ ಯಾವುದನ್ನೂ ಇನ್ನೊಂದಕ್ಕಾಗಿ ಬಲಿ ಕೊಟ್ಟಿಲ್ಲ. ಯಾವುದೋ ಒಂದು ಕಾಲವನ್ನು ಮಾತ್ರ ಅಸಲಿಯೆಂದು ಎತ್ತಿ ಹಿಡಿದು ಉಳಿದುದನ್ನು ಅಳಿಸಿಹಾಕುವ ಹಟ ಇಲ್ಲದಿರುವುದೇ ಈ ಉದ್ಯಾನದ ದೊಡ್ಡ ಗುಣವೆಂದು ನನ್ನ ಅಭಿಪ್ರಾಯ.

ಸುಂದರ್ ಬುರ್ಜ್ ಎಂಬ ಗುಮ್ಮಟದೊಳಗೆ ಹೋದವರು ಅವಸರ ಮಾಡದೆ ಒಮ್ಮೆ ತಲೆಯೆತ್ತಿ ನೋಡಬೇಕು. ಗಾರೆಯಲ್ಲಿ ಕೊರೆದ ನಕ್ಷತ್ರಗಳು ಒಂದರೊಳಗೊಂದು ಹೆಣೆದುಕೊಂಡು ಛಾವಣಿಯ ತುಂಬ ಹಬ್ಬಿವೆ; ಗೆರೆಯೊಂದರ ಹಿಂದೆ ಕಣ್ಣು ಹರಿಸುತ್ತ ಹೋದರೆ ಅದು ಯಾವ ನಕ್ಷತ್ರಕ್ಕೆ ಸೇರಿದ್ದೆಂದು ಹೇಳಲಾಗದಷ್ಟು ನಯವಾಗಿ ಮುಂದಿನದರಲ್ಲಿ ಬೆರೆತುಹೋಗುತ್ತದೆ. ಇಂತಹ ಕೆಲಸವನ್ನು ಕಾಪಾಡಲು ಸುಣ್ಣದ ಗಾರೆಯನ್ನೂ ಅದನ್ನು ಬಲ್ಲ ಕುಶಲಕರ್ಮಿಗಳನ್ನೂ ನೆಚ್ಚಿಕೊಂಡದ್ದು ಸರಿಯಾದ ನಿರ್ಧಾರ. ಹಳೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಕಲ್ಲೂ ಗಾರೆಯೂ ಕೆಡುತ್ತವೆ. ನಮ್ಮ ಎಷ್ಟೋ ಊರುಗಳ ಗುಡಿಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ನಡೆದಿರುವುದು ಇದೇ. ಉದ್ಯಾನದಲ್ಲಿರುವ ಹದಿನೈದರಷ್ಟು ಸ್ಮಾರಕಗಳ ಪೈಕಿ ಆರು ಇಂದು ಹುಮಾಯೂನನ ಸಮಾಧಿಯೊಂದಿಗೆ ವಿಶ್ವ ಪರಂಪರೆಯ ತಾಣಕ್ಕೆ ಸೇರಿವೆ. 2020ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿಗಳಲ್ಲಿ ಅತ್ಯುನ್ನತ ಮನ್ನಣೆಯೂ ಇದಕ್ಕೆ ದೊರೆಯಿತು.

ಮರಗಳ ವಿಷಯಕ್ಕೆ ಬಂದರೆ, ಸುಮಾರು 300 ಜಾತಿಯವು ಇಲ್ಲಿವೆ. ಅಲಂಕಾರದ ಉದ್ಯಾನವೊಂದನ್ನು ಮಾಡಿ ಸುಮ್ಮನಾಗದೆ, ದೆಹಲಿ ಪ್ರದೇಶದ ನಾಲ್ಕು ಬಗೆಯ ನೆಲಗಳಾದ ಕಲ್ಲುಗುಡ್ಡದ ಕೋಹಿ, ನದಿದಂಡೆಯ ಖಾದರ್, ಮೆಕ್ಕಲು ಬಯಲಿನ ಬಾಂಗರ್, ಜೌಗಿನ ಡಾಬರ್ ಇವುಗಳನ್ನು ಅವುಗಳದ್ದೇ ಗಿಡಗಂಟಿಗಳೊಂದಿಗೆ ಮರುಸೃಷ್ಟಿಸಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಗುಲಾಬಿ ತೋಟದಲ್ಲಿ ಫೋಟೊ ತೆಗೆಸಿಕೊಂಡು ಹಿಂತಿರುಗದೆ ಈ ಭಾಗಕ್ಕೂ ಹೋಗಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ನವಿಲುಗಳು ಕಾಣಸಿಗುತ್ತವೆ, ಹಕ್ಕಿ ನೋಡುವವರಿಗಂತೂ ಹಬ್ಬ.

ಕೊರತೆಗಳೂ ಇವೆ. ನಡುದಾರಿಯ ಬಹುಭಾಗಕ್ಕೆ ನೆರಳಿಲ್ಲ. ಮೇ, ಜೂನ್ ತಿಂಗಳ ಹಗಲಿನಲ್ಲಿ, ಅದರಲ್ಲೂ ವಯಸ್ಸಾದವರೊಂದಿಗೆ, ಅಲ್ಲಿ ನಡೆಯುವುದು ಕಷ್ಟ. ಚಳಿಗಾಲದ ಭಾನುವಾರಗಳಲ್ಲಿ ಇಡೀ ದೆಹಲಿಯೇ ಜಮಖಾನೆ, ಬುತ್ತಿಗಳೊಂದಿಗೆ ಇಲ್ಲಿಗೆ ಬಂದಂತಿರುತ್ತದೆ. ಜನ ಬರುವುದು ಸಂತೋಷದ ಸಂಗತಿಯೇ ಹೌದು. ಆದರೆ ಅಂದು ಸ್ಮಾರಕಗಳನ್ನು ನಿಧಾನವಾಗಿ ನೋಡುವ ಆಸೆಯನ್ನು ಬಿಡಬೇಕು. ನನಗೆ ಹೆಚ್ಚು ಕಾಡುವುದು ಪ್ರವೇಶ ಶುಲ್ಕದ ಪ್ರಶ್ನೆ. ಇಷ್ಟು ದೊಡ್ಡ ಉದ್ಯಾನದ ನಿರ್ವಹಣೆಗೆ ಹಣ ಬೇಕೆಂಬುದನ್ನು ಒಪ್ಪುತ್ತೇನೆ. ಆದರೂ ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆಯವರನ್ನು ಟಿಕೆಟ್ ಇಲ್ಲದೆ ಬಿಡುವಂತೆ, ಪಕ್ಕದ ನಿಜಾಮುದ್ದೀನ್ ಬಸ್ತಿಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಬದುಕುವವರಿಗೆ ದಿನದ ಕೆಲವು ಗಂಟೆಗಳಾದರೂ ಇದು ಶುಲ್ಕವಿಲ್ಲದೆ ತೆರೆದಿರಬೇಕು.

ಹೋಗಲು ಒಳ್ಳೆಯ ಕಾಲವೆಂದರೆ ಫೆಬ್ರವರಿ ಮತ್ತು ಮಾರ್ಚ್ ಮೊದಲ ವಾರಗಳು. ಹೂಗಳು ತುಂಬಿರುತ್ತವೆ, ಬಿಸಿಲೂ ಹಿತವಾಗಿರುತ್ತದೆ. ವಾರದ ನಡುವಿನ ದಿನವನ್ನು ಆರಿಸಿಕೊಂಡು ಬೆಳಿಗ್ಗೆ ಬೇಗ ಹೊರಟರೆ, ಉದ್ಯಾನವನ್ನು ನೋಡಿ, 2024ರಲ್ಲಿ ತೆರೆದ ನೆಲದಡಿಯ ಹುಮಾಯೂನ್ ಸಮಾಧಿ ವಸ್ತುಸಂಗ್ರಹಾಲಯಕ್ಕೂ ಹೋಗಿ, ಅಲ್ಲಿಂದ ಸಮಾಧಿಯತ್ತ ನಡೆಯಬಹುದು. ಇದಕ್ಕೆ ಅರ್ಧ ದಿನ ಸಾಲದು, ಪೂರ್ತಿ ದಿನವನ್ನೇ ಇಟ್ಟುಕೊಳ್ಳಿ.