ದಿ ವಿಚ್: ಬರಿದಾಗುವ ಕಣಜದಿಂದ ಹುಟ್ಟುವ ಭಯ

ರಾಬರ್ಟ್ ಎಗರ್ಸ್ ಬರೆದು ನಿರ್ದೇಶಿಸಿದ ಮೊದಲ ಪೂರ್ಣಾವಧಿ ಚಿತ್ರ ‘ದಿ ವಿಚ್’. 2015ರಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆದ ಸಿನಿಮಾ ಇದು. ಅವಧಿ ಒಂದೂವರೆ ಗಂಟೆಯಷ್ಟೇ, ಥಟ್ಟನೆ ಬೆಚ್ಚಿಬೀಳಿಸುವ ದೃಶ್ಯಗಳೂ ಬೆರಳೆಣಿಕೆಯಷ್ಟೇ. ಆದರೂ ಶುರುವಿನಲ್ಲೇ ಬಿಗಿಯುವ ಎದೆ ಕೊನೆಯವರೆಗೆ ಸಡಿಲಾಗುವುದಿಲ್ಲ. ಹಾರರ್ ಚಿತ್ರಕಥೆ ಬರೆಯುವವರು ಎರಡು ಸಲ ನೋಡಬೇಕು. ಮೊದಲ ಸಲ ಸುಮ್ಮನೆ ನೋಡಿ. ಎರಡನೇ ಸಲ, ಆ ಮನೆಯಲ್ಲಿ ಏನೇನು ಖಾಲಿಯಾಗುತ್ತಾ ಹೋಗುತ್ತದೆ ಎಂದು ಪಟ್ಟಿ ಮಾಡಿಕೊಳ್ಳುತ್ತಾ ನೋಡಿ. (ಮುಂದೆ ಕಥೆಯ ತಿರುವುಗಳಿವೆ.)

ಕಾಲ 1630ರ ದಶಕ, ಜಾಗ ಇಂದಿನ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡ್. ಧರ್ಮದ ವಿಚಾರದಲ್ಲಿ ಹಟ ಹಿಡಿದ ವಿಲಿಯಂನನ್ನು ಸಂಸಾರ ಸಮೇತ ಊರಿಂದ ಹೊರಗೆ ಹಾಕುತ್ತಾರೆ. ಅವನು ಕಾಡಿನಂಚಿಗೆ ಬಂದು ಮನೆ ಕಟ್ಟುತ್ತಾನೆ. ಹೊಲದಲ್ಲಿ ಮೆಕ್ಕೆಜೋಳದ ತೆನೆ ಕೊಳೆತಿದೆ, ಚಳಿಗಾಲ ಹತ್ತಿರ ಬಂದಿದೆ. ಹಿರಿಮಗಳು ಥಾಮಸಿನ್ ಮುಖ ಮುಚ್ಚಿ ತೆರೆದು ಹಸುಗೂಸನ್ನು ನಗಿಸುತ್ತಿರುವಾಗಲೇ ಕೂಸು ಮಾಯವಾಗುತ್ತದೆ.

ಇಲ್ಲಿಂದ ಒಂದು ಬೆಳ್ಳಿ ಬಟ್ಟಲಿನ ಜಾಡು ಹಿಡಿಯಿರಿ. ತಾಯಿ ಕ್ಯಾಥರೀನ್‌ಗೆ ಅದು ಅವಳಪ್ಪನಿಂದ ಬಂದದ್ದು. ಬೇಟೆಗೆ ಬೋನು ಬೇಕೆಂದು ವಿಲಿಯಂ ಅದನ್ನು ಗುಟ್ಟಾಗಿ ಮಾರಿದ್ದಾನೆ. ಬಟ್ಟಲು ಕಾಣದಿದ್ದಾಗ ತಾಯಿ ದೂರುವುದು ಥಾಮಸಿನ್‌ಳನ್ನು, ಅಪ್ಪ ಬಾಯಿ ಬಿಡುವುದಿಲ್ಲ. ಅಪ್ಪ ಮಗ ಇಬ್ಬರೂ ಕಾಡಿಗೆ ಹೋಗಿದ್ದನ್ನು ಮುಚ್ಚಿಡಲು ಮಗ ಕೇಲಬ್ ಸೇಬು ಹುಡುಕಲು ಹೋಗಿದ್ದೆವು ಎಂದು ಸುಳ್ಳು ಹೇಳುತ್ತಾನೆ. ತಿನ್ನಲಿಕ್ಕಿಲ್ಲದ ಆ ಮನೆಯಲ್ಲಿ ಅಕ್ಕನನ್ನು ಬೇರೆಯವರ ಮನೆಗೆ ಕೆಲಸಕ್ಕೆ ಕಳಿಸುವ ಮಾತು ರಾತ್ರಿ ಅವನ ಕಿವಿಗೆ ಬೀಳುತ್ತದೆ. ಹೇಗಾದರೂ ಆಹಾರ ತರಲೇಬೇಕೆಂದು ಮುಂಜಾವದಲ್ಲಿ ಕಾಡಿಗೆ ನಡೆಯುತ್ತಾನೆ. ಮೈಮೇಲೆ ಎಚ್ಚರವಿಲ್ಲದಂತೆ ಮನೆಗೆ ಮರಳಿದ ಅವನ ಬಾಯಿಂದ ಕೊನೆಗೆ ಹೊರಬೀಳುವುದು ಕಚ್ಚಿದ ಗುರುತಿರುವ ಒಂದು ಸೇಬು. ಹೇಳಿದ ಸುಳ್ಳೇ ಗಂಟಲಿಂದ ಎದ್ದು ಬಂದಂತೆ! ಕಾಡಿನಲ್ಲಿರುವ ಮಾಟಗಾತಿಯ ಕೈವಾಡಕ್ಕಿಂತ ಅಪ್ಪನ ಮೌನವೇ ಈ ಹುಡುಗನನ್ನು ಕಾಡಿಗೆ ನೂಕಿದ್ದು. ಬಟ್ಟಲಿಂದ ಸೇಬಿನವರೆಗೆ ಒಂದು ಕೊಂಡಿಯೂ ಕಳಚುವುದಿಲ್ಲ.

ಸೌದೆ ರಾಶಿಯೂ ಹೀಗೆಯೇ ಬರೆದದ್ದು. ವಿಲಿಯಂಗೆ ಬೇಸಾಯ ಕೈಹತ್ತಲಿಲ್ಲ, ಬಂದೂಕು ಅವನ ಮುಖದ ಮುಂದೆಯೇ ಸಿಡಿಯಿತು. ಕೈಲಾಗುವುದು ಸೌದೆ ಒಡೆಯುವುದೊಂದೇ. ಮನಸ್ಸು ಕದಡಿದಾಗಲೆಲ್ಲ ಕೊಡಲಿ ಹಿಡಿಯುತ್ತಾನೆ, ರಾಶಿ ಬೆಳೆಯುತ್ತದೆ, ಮನೆಯಲ್ಲಿ ಕಾಳು ಮಾತ್ರ ಬೆಳೆಯುವುದಿಲ್ಲ. ಕೊನೆಗೆ ಮನೆಯಲ್ಲೇ ಸಾಕಿದ ಕಪ್ಪು ಹೋತ ತಿವಿದಾಗ ಆ ರಾಶಿಯೇ ಅವನ ಮೇಲೆ ಕುಸಿಯುತ್ತದೆ. ಹೀಗೆ ಬರೆದರೆ ಕಲಾ ವಿಭಾಗಕ್ಕೂ ಛಾಯಾಗ್ರಾಹಕನಿಗೂ ಹಿಡಿದುಕೊಳ್ಳಲು ಒಂದು ವಸ್ತು ಸಿಗುತ್ತದೆ. ‘ಭಯಾನಕ ವಾತಾವರಣ’, ‘ಎಲ್ಲೋ ವಿಚಿತ್ರ ಸದ್ದು’ ಎಂದು ಬರೆದ ಸಾಲನ್ನು ಯಾರೂ ಶೂಟ್ ಮಾಡಲಾರರು. ಯಾವ ಸದ್ದು, ಎಷ್ಟು ದೂರದಿಂದ, ಆ ಹೊತ್ತಿಗೆ ಕೋಣೆಯಲ್ಲಿ ದೀಪ ಯಾವುದು ಎಂಬುದು ಪುಟದ ಮೇಲಿರಬೇಕು. ಬರೆದಿಲ್ಲದಿದ್ದರೆ ಹೊಗೆ ಮತ್ತು ನೀಲಿ ಲೈಟು ಸೆಟ್ಟಿಗೆ ಬರುತ್ತವೆ, ಹಿನ್ನೆಲೆ ಸಂಗೀತ ಜೋರಾಗುತ್ತದೆ.

ಮಾತು ಇನ್ನೊಂದು ಪಾಠ. ಸಂಭಾಷಣೆಯ ಬಹುಭಾಗ ಆ ಕಾಲದ ದಿನಚರಿ, ನ್ಯಾಯಾಲಯದ ದಾಖಲೆಗಳಿಂದ ಬಂದದ್ದೆಂದು ಚಿತ್ರದ ಕೊನೆಯಲ್ಲೇ ಹೇಳಿದ್ದಾರೆ. ಪಾಪ, ನರಕ ಎಂಬ ಪದಗಳು ಇವರ ಬಾಯಲ್ಲಿ ಉಪ್ಪು, ನೀರಿನಷ್ಟು ಸಹಜ. ಹಾಗಾಗಿ ದೆವ್ವ ಬಂದಾಗ ಅದನ್ನು ನಂಬಿಸುವ ಪಾಡೇ ಬರುವುದಿಲ್ಲ. ಮಲೆನಾಡಿನ ಹಳೆಯ ಮನೆಯ ಕಥೆಗೆ ಟಿವಿ ವಾರ್ತೆಯ ಕನ್ನಡ ಬರೆಯುವವರು ಇದನ್ನು ಗಮನಿಸಬೇಕು. ನಮ್ಮಲ್ಲಿ ಊರೂರಿನ ವೃತ್ತಾಂತ ಬರೆದಿಟ್ಟ ಕೈಫಿಯತ್ತುಗಳಿವೆ, ಹಳೆಯ ಕಡತಗಳಿವೆ, ಲಾವಣಿಗಳಿವೆ. ಬೇಕಾದ ಮಾತು ಅಲ್ಲೇ ಸಿಗುತ್ತದೆ.

ಕೊರತೆಯೂ ಇದೆ. ಅಪ್ಪ ಸತ್ತ ಮೇಲೆ ಅಷ್ಟು ಹೊತ್ತಿನ ಲೆಕ್ಕಾಚಾರದ ನಡೆ ಕೈಬಿಟ್ಟು ಎಲ್ಲವೂ ಅವಸರದಲ್ಲಿ ಮುಗಿಯುತ್ತದೆ. ಆ ಮನೆಯ ಅವಳಿ ಮಕ್ಕಳ ಗತಿಯನ್ನಂತೂ ಹಾರಿಸಿಬಿಟ್ಟಿದ್ದಾರೆ. ಮಾಟಗಾತಿಯನ್ನು ಅಷ್ಟು ಬೇಗ ತೋರಿಸಿದ್ದು ತಪ್ಪು ಎನ್ನುವವರಿದ್ದಾರೆ. ಆ ಮಾತು ಒಪ್ಪುವಂಥದ್ದಲ್ಲ. ಅವಳಿರುವುದು ನಮಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಅವರು ಒಬ್ಬರನ್ನೊಬ್ಬರು ಅನುಮಾನಿಸುವಾಗ ಸಂಕಟವಾಗುವುದು ಅದಕ್ಕೇ.

ನೋಡುವವರಿಗೆ ಒಂದೆರಡು ಮಾತು. ಹಗಲಿನ ದೃಶ್ಯಗಳನ್ನು ಹೆಚ್ಚಾಗಿ ಸಹಜ ಬೆಳಕಿನಲ್ಲಿ, ರಾತ್ರಿಯವನ್ನು ಮೇಣದಬತ್ತಿಯಲ್ಲಿ ತೆಗೆದಿದ್ದಾರೆ. ಬಿಸಿಲಿಗೆ ಫೋನ್ ಹಿಡಿದು ನೋಡಿದರೆ ಅರ್ಧ ಚಿತ್ರ ಬರೀ ಕಪ್ಪು. ಕೋಣೆ ಕತ್ತಲು ಮಾಡಿ, ಸಬ್‌ಟೈಟಲ್ ಹಾಕಿ, ಹೆಡ್‌ಫೋನ್ ಇಟ್ಟುಕೊಳ್ಳಿ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಸಬ್‌ಟೈಟಲ್ ಬೇಕಾಗುತ್ತದೆ. ಸಣ್ಣ ಮಕ್ಕಳು ಎದ್ದಿರುವಾಗ ಹಾಕಬೇಡಿ, ಕೂಸಿನ ದೃಶ್ಯ ಮೊದಲ ಕಾಲು ಗಂಟೆಯೊಳಗೇ ಬರುತ್ತದೆ.