ತಾರಸಿಯ ಫರ್ನಿಚರ್ ಕವರ್: ಇಷ್ಟು ಮಳೆಗಾಲ ಕಂಡ ಮೇಲೆ ಬರೆಯುತ್ತಿದ್ದೇನೆ

2021ರಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಪಾಲಿಯೆಸ್ಟರ್ ಕವರ್ ಇದು. ಬೂದು ಬಣ್ಣ, 600 ಡೆನಿಯರ್ ಬಟ್ಟೆ, ಒಳಮೈಗೆ ನೀರು ತಡೆಯುವ ಪಿಯು (ಪಾಲಿಯುರೆಥೇನ್) ಲೇಪ, ನಾಲ್ಕೂ ಮೂಲೆಯಲ್ಲಿ ಬಕಲ್ ಇರುವ ಪಟ್ಟಿ. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಥರದ ಬಟ್ಟೆ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಹೆಸರಿಗಿಂತ ಬಟ್ಟೆ, ಹೊಲಿಗೆ ನೋಡಿ ಕೊಳ್ಳುವುದು ಮೇಲು. ಜಯನಗರದ ನಮ್ಮ ಮನೆಯ ತಾರಸಿಯಲ್ಲಿ ಇದರಡಿ ಇರುವುದು ಒಂದು ತೇಗದ ಬೆಂಚು, ಒಂದು ಮೇಜು. ಪಕ್ಕದಲ್ಲೇ ಪ್ಲಾಸ್ಟಿಕ್ ಕೇನ್ ಕುರ್ಚಿಗಳು, ಒಂದು ಕಬ್ಬಿಣದ ಜೋಕಾಲಿ. ಬೀದಿಯ ಹೊಂಗೆ ಮರದ ಕೊಂಬೆ ತಾರಸಿಯ ಅರ್ಧಕ್ಕೆ ಚಾಚಿಕೊಂಡಿದೆ. ನೆರಳೂ ಅದರದ್ದೇ, ಕಸವೂ ಅದರದ್ದೇ.

ಕವರ್ ಕೊಳ್ಳಬಹುದು, ಮಾಡಿದ ಖರ್ಚಿಗೆ ಮೋಸವಿಲ್ಲ. ಆದರೆ ವರ್ಷವಿಡೀ ಮುಚ್ಚಿಡಬೇಡಿ. ಹಾಗೆ ಮುಚ್ಚಿಟ್ಟರೆ ಮರವನ್ನು ಮಳೆಗಿಂತ ಜಾಸ್ತಿ ಕೆಡಿಸುವುದು ಕವರೇ.

ಈ ಥರದ ಕವರ್‌ಗಳಿಗೆ ಬರುವ ವಿಮರ್ಶೆಗಳಲ್ಲಿ ಹೆಚ್ಚಿನವು ಮೊದಲ ವಾರದಲ್ಲೇ ಬರೆದವು. ಒಂದು ಬಕೆಟ್ ನೀರು ಸುರಿದು ನೋಡಿದೆ, ಒಳಗೆ ಒಂದು ಹನಿಯೂ ಹೋಗಲಿಲ್ಲ ಅಂತ ಬರೆದಿರುತ್ತಾರೆ. ಅದು ನಿಜವೇ. ಆದರೆ ಮೇಲಿಂದ ಬರುವ ನೀರು ಅರ್ಧ ಸಮಸ್ಯೆ ಮಾತ್ರ. ಮಳೆ ನಿಂತ ಮರುದಿನ ಬೆಳಿಗ್ಗೆ ಕವರ್‌ನ ಒಂದು ಅಂಚು ಎತ್ತಿ ಒಳಮೈ ನೋಡಿ. ಸಣ್ಣ ಸಣ್ಣ ಹನಿ ಸಾಲಾಗಿ ಕೂತಿರುತ್ತವೆ. ತಾರಸಿಯ ಒದ್ದೆ ನೆಲದಿಂದ ಎದ್ದ ಆವಿ ಹೊರಗೆ ಹೋಗಲು ದಾರಿಯಿಲ್ಲದೆ ಬಟ್ಟೆಗೆ ತಾಗಿ ನೀರಾಗುತ್ತದೆ, ಮತ್ತೆ ಬೆಂಚಿನ ಮೇಲೇ ಬೀಳುತ್ತದೆ. ಬೆರಳಿಂದ ಸವರಿದರೆ ಕೈ ಒದ್ದೆ. ಇದು ಹೀಗೇ ಮುಂದುವರಿದರೆ ಹಲಗೆಯ ಸಂದಿಗಳಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಧನುರ್ಮಾಸದ ಇಬ್ಬನಿ ಕಾಲದಲ್ಲೂ ಇದೇ ಕಥೆ, ಮಳೆಯೇ ಬೇಕಂತಿಲ್ಲ.

ಅದಕ್ಕೇ ಕೊಳ್ಳುವಾಗ ಮೊದಲು ನೋಡಬೇಕಾದ್ದು ಗಾಳಿಕಿಂಡಿ. ಪಕ್ಕದಲ್ಲಿ ಜಾಲರಿ ಹೊಲಿದು, ಅದರ ಮೇಲೆ ಬಟ್ಟೆಯ ರೆಕ್ಕೆ ಇಟ್ಟಿರುತ್ತಾರೆ. ನನ್ನ ಕವರ್‌ಗೆ ಎರಡು ಕಡೆ ಇವೆ, ಎರಡೂ ಸಣ್ಣವು. ಕವರ್ ನೆಲಕ್ಕೆ ತಾಗದ ಹಾಗೆ ಒಂದು ಗೇಣು ಮೇಲಕ್ಕೆ ಕಟ್ಟಿದರೆ ಅರ್ಧ ಕೆಲಸ ಆದಂತೆ. ಬಿಸಿಲು ಬಂದ ದಿನ ತೆಗೆದು ಗೋಡೆಗೆ ಹರಡಿಬಿಡಿ. ಈ ಕೆಲಸ ನಮ್ಮ ಮಾವ ತಾವೇ ವಹಿಸಿಕೊಂಡಿದ್ದಾರೆ. ಕಾಫಿ, ಪೇಪರ್ ಹಿಡಿದು ಮೇಲೆ ಹೋದವರು ಮೊದಲು ಕವರ್ ತೆಗೆದು, ಆಮೇಲೆ ಕೂರುತ್ತಾರೆ. ಅವರ ಈ ಒಂದು ಅಭ್ಯಾಸ ಬೆಂಚಿಗೆ ಮಾಡಿರುವಷ್ಟು ಉಪಕಾರ ಯಾವ ಎಣ್ಣೆಯೂ ಮಾಡಿಲ್ಲ.

ನೀರು ನಿಲ್ಲುವುದು ಇನ್ನೊಂದು ತೊಂದರೆ. 2024ರ ಜೂನ್ 2ರಂದು ಬೆಂಗಳೂರಲ್ಲಿ ಒಂದೇ ದಿನ 111.1 ಮಿಲಿಮೀಟರ್ ಮಳೆ ಬಿತ್ತಲ್ಲ, ಜೂನ್ ತಿಂಗಳ 133 ವರ್ಷದ ದಾಖಲೆ ಮುರಿದ ಮಳೆ. ಅಂಥ ಮಳೆಯಲ್ಲಿ ಮೇಜಿನ ಮೇಲೆ ಚಪ್ಪಟೆಯಾಗಿ ಹೊದಿಸಿದ ಕವರ್ ಕೆರೆಯಾಗುತ್ತದೆ. ಆ ಭಾರಕ್ಕೆ ಹೊಲಿಗೆ ಎಳೆದುಕೊಂಡು, ಸೂಜಿಯ ತೂತುಗಳಿಂದ ನೀರು ಜಿನುಗುತ್ತದೆ. ಮೇಜಿನ ನಡುವೆ ಹಳೆಯ ಬಕೆಟ್ ಬೋರಲು ಹಾಕಿ ಅದರ ಮೇಲೆ ಕವರ್ ಹೊದಿಸಿ. ಇಳಿಜಾರು ಸಿಕ್ಕಿ ನೀರು ತಾನಾಗೇ ಹರಿದು ಹೋಗುತ್ತದೆ. ದುಡ್ಡು ಖರ್ಚಿಲ್ಲದ ಉಪಾಯ, ನಮ್ಮಲ್ಲಿ ಇವತ್ತಿಗೂ ಅದೇ ನಡೆಯುತ್ತಿದೆ.

ಬಕಲ್ ಪಟ್ಟಿ ಮಾತ್ರ ನಿಜಕ್ಕೂ ಕೆಲಸಕ್ಕೆ ಬಂದವು. ಆಷಾಢದ ಗಾಳಿ ಗೊತ್ತಲ್ಲ, ತಾರಸಿಯಲ್ಲಿ ಒಣಗಿಸಿದ ಬಟ್ಟೆ ಮೂರನೇ ಮನೆಗೆ ಹೋಗುತ್ತದೆ. ಬರೀ ಎಲಾಸ್ಟಿಕ್ ಇರುವ ಕವರ್ ಆ ಗಾಳಿಗೆ ನಿಲ್ಲುವುದಿಲ್ಲ. ಪಟ್ಟಿಯನ್ನು ಬೆಂಚಿನ ಕಾಲಿಗೆ ಸುತ್ತಿ ಬಕಲ್ ಹಾಕಿದರೆ ಅಲುಗಾಡುವುದಿಲ್ಲ.

ಈಗ ಬಾಳಿಕೆ. ಹೊರಗಿನ ಬಟ್ಟೆ ಬಣ್ಣ ಮಾಸಿದೆ, ಹರಿದಿಲ್ಲ. ಕೆಟ್ಟಿರುವುದು ಒಳಗಿನ ಲೇಪ. ಶಾಖ, ತೇವ ಎರಡೂ ಸೇರಿದರೆ ಪಿಯು ನಿಧಾನವಾಗಿ ಒಡೆಯುತ್ತದೆ. ಮೊದಲು ಅಂಟಂಟಾಗುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ಒದ್ದೆಯಿದ್ದಾಗಲೇ ಮಡಚಿಟ್ಟರೆ ಇದು ಬೇಗ ಆಗುತ್ತದೆ. ನನ್ನ ಕವರ್‌ನಲ್ಲಿ ಹೊಲಿಗೆಯ ಮೇಲೆ ಅಂಟಿಸಿದ್ದ ಟೇಪ್ ಮೊದಲು ಬಿಟ್ಟುಕೊಂಡಿತು, ಈಗ ಮಡಿಕೆ ಬೀಳುವ ಕಡೆ ಲೇಪವೂ ಉದುರುತ್ತಿದೆ. 600 ಡೆನಿಯರ್ ಅನ್ನುವ ಅಂಕಿ ನೂಲಿನ ದಪ್ಪ ಮಾತ್ರ ಹೇಳುತ್ತದೆ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ನೀರು ತಡೆಯುವುದು ಲೇಪದ ಕೆಲಸ, ಅಂಕಿ ದೊಡ್ಡದಿದೆ ಅಂತ ಮರುಳಾಗಬೇಡಿ.

ಬೆಂಚಿನ ವಿಷಯಕ್ಕೆ ಬರುತ್ತೇನೆ. ನನಗೆ ನಿಜವಾಗಿ ಮುಖ್ಯವಾದದ್ದು ಅದೇ, ಕವರ್ ಅದಕ್ಕೋಸ್ಕರ ಬಂದದ್ದು. ತೇಗ ಬೂದು ಬಣ್ಣಕ್ಕೆ ತಿರುಗಿದರೆ ತುಂಬ ಜನ ಗಾಬರಿಯಾಗುತ್ತಾರೆ. ಮರ ಕೊಳೆತಿದೆ ಅಂತಲ್ಲ ಅದು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಮೇಲ್ಪದರದಲ್ಲಿ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನುವ ಅಂಶ ಒಡೆದು, ಮಳೆಗೆ ತೊಳೆದು ಹೋಗಿ ಆ ಬಣ್ಣ ಬರುತ್ತದೆ. ಒಳಗೆ ಮರ ಗಟ್ಟಿಯಾಗೇ ಇರುತ್ತದೆ. ಬೂದು ಬಣ್ಣ ಇಷ್ಟವಾದರೆ ಹಾಗೇ ಬಿಡಿ. ನಮ್ಮ ಅತ್ತೆಗೆ ಕೆಂಪು ಛಾಯೆಯೇ ಬೇಕು, ಹಾಗಾಗಿ ವರ್ಷಕ್ಕೊಮ್ಮೆ ಎಮರಿ ಪೇಪರ್ ಉಜ್ಜಿ ಎಣ್ಣೆ ಹಚ್ಚುತ್ತೇವೆ. ಅದಕ್ಕೆ ಸರಿಯಾದ ಕಾಲ ಸಂಕ್ರಾಂತಿ ಕಳೆದು ಶಿವರಾತ್ರಿ ಬರುವುದರೊಳಗೆ. ದೀಪಾವಳಿಗೆ ಮನೆ ತೊಳೆದಾಗಲೇ ಮಾಡಿಬಿಡೋಣ ಅನ್ನಿಸುತ್ತದೆ, ಆದರೆ ಹಿಂಗಾರು ಇನ್ನೂ ಮುಗಿದಿರುವುದಿಲ್ಲ. ಮರದೊಳಗೆ ತೇವ ಇದ್ದಾಗ ಎಣ್ಣೆ ಇಳಿಯುವುದಿಲ್ಲ. ಜನವರಿ, ಫೆಬ್ರವರಿ ನಮ್ಮೂರಲ್ಲಿ ಒಣ ತಿಂಗಳು. ಅಗಸೆ ಎಣ್ಣೆ ಹಚ್ಚುವವರು ಒಂದು ಮಾತು ನೆನಪಿಡಿ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಇಲ್ಲವೇ ಬಿಡಿಸಿ ಹರಡಿ ಒಣಗಿಸಿ.

ಬೆಂಚು ಕೆಡಲು ಶುರುವಾಗುವುದು ಕಾಲಿನಿಂದ. ರಿಪೇರಿಗೆ ಬಂದ ಬಡಗಿ ಬೆಂಚನ್ನು ಮಗುಚಿ ಹಾಕಿ ಕಾಲಿನ ಅಡಿಭಾಗ ತೋರಿಸಿದರು. ಒಂದು ಇಂಚು ಕಪ್ಪಗೆ, ಮೆತ್ತಗೆ ಆಗಿತ್ತು. ಉಗುರು ಇಳಿಯುತ್ತಿತ್ತು. "ಮೇಡಂ, ಮೇಲಿಂದ ಬೀಳೋ ನೀರ್ನ ತೇಗ ತಡ್ಕೊಳತ್ತೆ. ಕೆಳಗಿಂದ ಹೀರ್ಕೊಂಡ್ರೆ ಯಾವ ಮರಾನೂ ಉಳಿಯಲ್ಲ" ಅಂದರು. ಅಡ್ಡ ಕತ್ತರಿಸಿದ ಕಡೆ ಮರದ ನಾಳಗಳೆಲ್ಲ ಬಾಯಿ ತೆರೆದಿರುತ್ತವೆ, ನಿಂತ ನೀರನ್ನು ಸೀದಾ ಎಳೆದುಕೊಳ್ಳುತ್ತವೆ. ಅವರು ಕೆಟ್ಟ ಭಾಗ ಕತ್ತರಿಸಿ, ಅಡಿಗೆ ಸೀಲರ್ ಕುಡಿಸಿ, ದಪ್ಪ ರಬ್ಬರ್ ತುಂಡನ್ನು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂನಿಂದ ಕೂರಿಸಿದರು. ಬಟ್ಟಲಿನ ಹಾಗೆ ಕಾಲಿಗೆ ತೊಡಿಸುವ ಬುಷ್ ಬೇಡ ಅಂತ ಒತ್ತಿ ಹೇಳಿದರು. ಅದರೊಳಗೆ ನೀರು ನಿಲ್ಲುತ್ತದೆ. ಕಬ್ಬಿಣದ ಸ್ಕ್ರೂ ಕೂಡ ಬೇಡ. ತೇವ ತಾಗಿದರೆ ಕಬ್ಬಿಣ, ಮರದಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶ ಎರಡೂ ಸೇರಿ ಮಸಿಯಂಥ ಕಲೆ ಬೀಳುತ್ತದೆ.

ಹೊಂಗೆ ಎಲೆಯನ್ನು ಹಗುರಾಗಿ ಎಣಿಸಬೇಡಿ. ಶಿವರಾತ್ರಿ ಆಸುಪಾಸಿನಲ್ಲಿ ಎಲೆ ರಾಶಿ ರಾಶಿ ಉದುರುತ್ತದೆ, ಯುಗಾದಿ ಕಳೆದ ಮೇಲೆ ಹೂವಿನ ಸರದಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಒದ್ದೆಯಾಗಿ ಮರಕ್ಕೆ ಅಂಟಿಕೊಂಡರೆ ಕಂದು ಕಲೆ. ಈ ಎರಡು ತಿಂಗಳು ಕವರ್ ತುಂಬ ಉಪಯೋಗ. ಎತ್ತಿ ಒದರಿದರೆ ಮುಗಿಯಿತು.

ಉಳಿದವಕ್ಕೆ ಇಷ್ಟು ತಲೆಬಿಸಿ ಇಲ್ಲ. ಕೇನ್ ಕುರ್ಚಿಗೆ ನೀರಿನ ಭಯವಿಲ್ಲ, ಬಿಸಿಲಿನ ಭಯ. ಪಿವಿಸಿ ಹೆಣಿಗೆಯಾದರೆ ಬಿಸಿಲಿಗೆ ಬಿರುಸಾಗಿ ಮುರಿಯುತ್ತದೆ. ಯುವಿ (ಅತಿನೇರಳೆ ಕಿರಣ) ತಡೆಯುವ ಎಚ್‌ಡಿಪಿಇ ಅನ್ನುವ ಗಟ್ಟಿ ಪಾಲಿಥೀನ್ ಹೆಣಿಗೆ ಕೇಳಿ ಕೊಳ್ಳಿ. ಬೋರ್‌ವೆಲ್ ನೀರಲ್ಲಿ ತೊಳೆದರೆ ಬಿಳಿ ಕಲೆ ಉಳಿಯುತ್ತದೆ, ವಿನೆಗರ್ ನೀರಲ್ಲಿ ಒರೆಸಿದರೆ ಹೋಗುತ್ತದೆ. ಜೋಕಾಲಿಗೆ ತುಕ್ಕು ಶುರುವಾಗುವುದು ವೆಲ್ಡಿಂಗ್ ಇರುವ ಕಡೆ. ಕೊಳವೆಯ ತಳದಲ್ಲಿ ಸಣ್ಣ ತೂತು ಕೊರೆಸಿ, ಒಳಗಿನ ನೀರು ಇಳಿಯಲಿ. ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿ, ಆಮೇಲೆ ಎನಾಮೆಲ್ ಬಣ್ಣ. ಬರೀ ತುಕ್ಕಿನ ಮೇಲೆ ಬಣ್ಣ ಬಳಿದರೆ ಒಂದು ಮಳೆಗಾಲಕ್ಕೆ ಪದರ ಎದ್ದು ಬರುತ್ತದೆ. ಕುಶನ್‌ಗಳು ಹೊರಗೆ ಇರಲೇಬಾರದು, ಯಾವ ಕವರ್ ಇದ್ದರೂ ಸರಿ. ಸಂಜೆ ಒಳಗೆ ತಂದುಬಿಡಿ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಬಟ್ಟೆ, ಬಕಲ್ ಚೆನ್ನಾಗಿವೆ. ಗಾಳಿಕಿಂಡಿ ಸಾಲದು, ಹೊಲಿಗೆಯ ಟೇಪ್ ಬಾಳಿಕೆ ಕಮ್ಮಿ. ಮುಂದಿನ ಕವರ್ ರೆಡಿಮೇಡ್ ತರಿಸುವುದಿಲ್ಲ. ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟ್ ಕವರ್ ಹೊಲಿಯುವ ಕಡೆ ಬೆಂಚಿನ ಅಳತೆ ಕೊಟ್ಟು ಹೊಲಿಸಬೇಕು ಅಂತಿದ್ದೇನೆ. ನಾಲ್ಕು ಕಡೆಯೂ ದೊಡ್ಡ ಜಾಲರಿ, ಉದ್ದ ಮಂಡಿಯೆತ್ತರಕ್ಕೇ ನಿಲ್ಲಬೇಕು, ಹೊಲಿಗೆ ಮೇಲ್ಭಾಗದಲ್ಲಿ ಬರಬಾರದು. ಹೀಗೆ ಹೊಲಿಸಿದವರು ಯಾರಾದರೂ ಇದ್ದರೆ ಯಾವ ಬಟ್ಟೆ ಹಾಕಿಸಿದಿರಿ, ಎಷ್ಟು ಬಿತ್ತು ಅಂತ ದಯವಿಟ್ಟು ಬರೆಯಿರಿ.